ಕಾಲು ತಾಸಿನ ಬೀಸುಕಲ್ಲು

“ಮನಷ್ಯಾರಿಗಿ ಟಿಕೇಟ್ ಅದ, ಸಾಮಾನಿಗಿ ಚೀಟಿ ಅದ. ಬೀಸೋ ಕಲ್ಲಿಗಿ ನಾ ಏನ್ ಹರದು ಕೊಡ್ಲಿ?” ಎನ್ನುತ್ತ ಸೇಡಂ ಸ್ಟೇಷನ್ನಿನ ಬಾಬು ಕಲ್ಲಿನ ಸುತ್ತ ಒಂದು ಸಲ ಸುತ್ತಿ ಬಂದ.

“ಸಾಮಾನಲ್ರಿ ಅದು, ಸಾಜ್,” ಎಂದರು ಮಡಿವಾಳಯ್ಯ. “ತಬಲಾ, ಸಾರಂಗಿ ಇದ್ಹಂಗ. ಇವತ್ತು ಸಂಜೀಕಿ ಸರ್ಕಾರಿ ರೇಡಿಯೋದಾಗ ಇದರ ಪ್ರೋಗ್ರಾಮ್ ಅದ.”

“ಇದನ್ನ ಬಾರಸ್ತಾರ?”

“ತಿರುವ್ತಾರ.”

ಬಾಬು ನಕ್ಕ. ನೀರಿನ ತೊಟ್ಟಿಯ ಹತ್ತಿರ ಬಂದೂಕು ಹಿಡಿದು ನಿಂತಿದ್ದ ಇಬ್ಬರು ರಝಾಕಾರರು ನಗಲಿಲ್ಲ. ಬೇವಿನ ಮರದ ಕೆಳಗೆ ಕುಳಿತಿದ್ದ ಶಿವಕಾಂತಮ್ಮ ತೊಡೆಯ ಮೇಲಿನ ಜೋಳದ ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಅವಳು ಅದುವರೆಗೆ ರೈಲು ಹತ್ತಿರಲಿಲ್ಲ. ಗಂಡ ಸಾಯಬಣ್ಣ ಜೊತೆಗೆ ಬರುವುದೆಂದು ಮಾತಾಗಿತ್ತು. ಬೆಳಿಗ್ಗೆ ಠಾಣೆಯಿಂದ ಜವಾನ ಬಂದು, ಹೆಂಡತಿ ಹಾಡಿ ತಿರುಗಿ ಬರುವ ತನಕ ಅವನು ಠಾಣೆಯ ಕಟ್ಟೆಯ ಮೇಲೆ ಕುಳಿತಿರಬೇಕು, ಇದು ಅಮೀನ ಸಾಹೇಬರ ಅಪ್ಪಣೆ ಎಂದು ಕರೆದುಕೊಂಡು ಹೋಗಿದ್ದ.

ಮಡಿವಾಳಯ್ಯ ದಂಡೋತಿಯ ಜಂಗಮರ ಮನೆಯವರು. ಹೈದರಾಬಾದಿನ ರೇಡಿಯೋದಲ್ಲಿ ಕನ್ನಡಕ್ಕೆಂದು ಇದ್ದವರು ಅವರೊಬ್ಬರೇ. ಗುರುವಾರ ಸಂಜೆ ಆರೂಕಾಲಿನಿಂದ ಆರೂವರೆಯವರೆಗೆ, ಅಂದರೆ ವಾರಕ್ಕೆ ಕಾಲು ತಾಸು ಕನ್ನಡ. ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಬರೆದು ಅವರು ಸರ್ಕಾರದಿಂದ ಅಷ್ಟನ್ನು ಮಂಜೂರು ಮಾಡಿಸಿಕೊಂಡಿದ್ದರು. ಹಿಂದಿನ ತಿಂಗಳು ಬೆಳಗಿನ ಗಾಡಿಗೆಂದು ಸೇಡಂ ಓಣಿಯಲ್ಲಿ ನಡೆದು ಬರುವಾಗ ಗೋಡೆಯಾಚೆ ಬೀಸುವ ಪದ ಕೇಳಿ ನಿಂತರು. ಗಾಡಿ ಹೋಯಿತು, ಅವರು ನಿಂತೇ ಇದ್ದರು. ಹಿಟ್ಟು ತುಂಬಿಕೊಂಡು ಹೊರಗೆ ಬಂದ ಅತ್ತೆ ಭೀಮಮ್ಮ, “ಭಿಕ್ಷಾಕ ಬಂದೀರೇನ್ರಿ ಅಯ್ಯಾರ?” ಎಂದು ಕೇಳಿದಾಗ, “ಹೌದ್ರಿ, ನಿಮ್ಮ ಸೊಸಿ ದನಿ ಬೇಕಾಗ್ಯಾದ” ಎಂದಿದ್ದರು.

ಹೆಣ್ಣುಮಗಳೊಬ್ಬಳು ರೇಡಿಯೋದಲ್ಲಿ ಹಾಡಲು ಊರಿನ ಪೊಲೀಸ್ ಠಾಣೆಯ ಅಮೀನರ ಒಪ್ಪಿಗೆ ಬೇಕು. ಒಪ್ಪಿಗೆ ಬರಲು ಸಾಮಾನ್ಯವಾಗಿ ಮೂರು ತಿಂಗಳು. ಶಿವಕಾಂತಮ್ಮನ ಕಾಗದ ಎಂಟು ದಿನಕ್ಕೆ ಬಂತು. ಅವಳ ತಮ್ಮ ಗೊಲ್ಲಾಳಪ್ಪ ಸರ್ಕಾರದ ಸುಂಕದ ನಾಕಾ ಸುಟ್ಟವರ ಪೈಕಿ, ಐದು ತಿಂಗಳಿಂದ ಚಂದ್ರಂಪಳ್ಳಿ ಅಡವಿಯಲ್ಲಿ ತಲೆಮರೆಸಿಕೊಂಡಿದ್ದಾನೆ, ಎರಡು ಸಲ ಮನೆ ತಪಾಸಣೆಗೆ ಬಂದಿದ್ದಾರೆ, ಇವೆಲ್ಲ ಅಮೀನರಿಗೆ ಗೊತ್ತಿದ್ದೂ ಕಾಗದ ಬಂತು. ‘ಸರ್ಕಾರಿ ಹಾಡು ಹಾಡಿದರೆ ಇನ್ನು ನಮ್ಮ ಮನೆಯ ಗೊಡವೆಗೆ ಬರಲಿಕ್ಕಿಲ್ಲ’ ಎಂದು ಸಾಯಬಣ್ಣ ಉಸಿರು ಬಿಟ್ಟಿದ್ದ. ಅವಳೂ ಹಾಗೆಂದೇ ಒಪ್ಪಿದ್ದಳು.

ವಾಡಿಯ ಕಡೆಯಿಂದ ಗಾಡಿಯ ಹೊಗೆ ಕಂಡಾಗ ನೆರೆಮನೆಯ ಜಾನಬಿ ಏದುಸಿರು ಬಿಡುತ್ತ ಬಂದಳು. ಅವಳ ಗಂಡ ಹಾಜಿಮಲಂಗ್, ಠಾಣೆಯ ಜವಾನ. ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿ ಇತ್ತು. ರಝಾಕಾರರಿಗೆ ಕೇಳುವಂತೆ, “ಹಾದ್ಯಾಗ ತಿನ್ನವಾ, ಶೇಂಗಾ ಹಿಂಡಿ ಇಟ್ಟೀನಿ, ಭಾಳ ಖಾರ ಅದ” ಎಂದಳು. ರೊಟ್ಟಿಯನ್ನು ಮಡಿಲಿಗಿಡಲು ಬಾಗಿದಾಗ ದನಿ ಸಣ್ಣದಾಯಿತು.

“ಅಕ್ಕಾ, ಕೇಳು. ಸುಲೇಪೇಟ ಚಾವಡಿ ಮುಂದ ರೇಡಿಯೋ ಇಟ್ಟಾರಲ್ಲ, ಅಲ್ಲಿ ಇವತ್ತು ಎಂಟು ಮಂದಿ ಠಾಣೇದವರು ಸಾದಾ ಅರಿವಿ ಹಾಕ್ಕೊಂಡು ಕುಂದರ್ತಾರ. ನಮ್ಮವರೂ ಒಬ್ಬರು. ಅಡವ್ಯಾಗ ಸಿಕ್ಕಿಬಿದ್ದ ಒಬ್ಬಾವ ಬಾಯಿ ಬಿಟ್ಟಾನ. ಅಕ್ಕ ಹಾಡ್ತಾಳಂದ್ರ ನಾ ಕೇಳಾಕ ಹೋಗೇ ಹೋಗ್ತೀನಿ ಅಂದಾನಂತ ನಿನ ತಮ್ಮ.”

ಶಿವಕಾಂತಮ್ಮನಿಗೆ ಎಂಟು ದಿನದ ಕಾಗದ ಅರ್ಥವಾಯಿತು.

“ನಾ ಹೋಗಂಗಿಲ್ಲ.”

“ನೀ ಹೋಗದಿದ್ರೂ ಅವ ಬರ್ತಾನ. ಮೂರು ದಿನದಿಂದ ಡಂಗುರ ಹೊಡದಾರ. ಬಂದು ಕಾಯಕೋತ ಕುಂದರ್ತಾನ. ಅವನಿಗಿ ಹೇಳಿ ಕಳಸಾಕ ಅವ ಎಲ್ಲದಾನಂತ ಯಾರಿಗಿ ಗೊತ್ತದ?” ಜಾನಬಿ ಎದ್ದು ಸೆರಗು ಸರಿಮಾಡಿಕೊಂಡಳು. “ನಾ ಹೇಳೀನಂತ ಅನಬ್ಯಾಡ. ನಂದೂ ಮಕ್ಕಳ ಮನಿ.” ಮತ್ತೆ ದೊಡ್ಡದಾಗಿ, “ಹುಷಾರ್ ಹೋಗಿ ಬಾ” ಎಂದು ಹಿಂತಿರುಗಿ ನೋಡದೆ ನಡೆದಳು.

ಗಾಡಿ ಬಂತು. ಇಬ್ಬರು ಕೂಲಿಗಳು ಕಲ್ಲನ್ನು ಮೇಲೆತ್ತಿದರು.

ಮಡಿವಾಳಯ್ಯನವರಿಗೆ ಅಂದು ಮಾತಿನ ಹುರುಪು. ಕಿಟಕಿಯ ಆಚೆ ಕೊಯ್ದ ಹೊಲಗಳು ಹಿಂದೆ ಹೋಗುತ್ತಿದ್ದವು. ಗಡಿಯಾಚೆ ಸ್ವಾತಂತ್ರ್ಯ ಬಂದು ಎಂಟು ತಿಂಗಳಾಗಿತ್ತು. ಈಚೆಯ ಡಬ್ಬಿಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅವರು ರೇಡಿಯೋದ ಮಾತನ್ನೇ ಆಡಿದರು.

“ನಮ್ಮ ದೊಡ್ಡ ಸಾಹೇಬರು ಏನಂತಾರ ಗೊತ್ತೇನು ತಂಗೆವ್ವ? ‘ಮಡಿವಾಳಯ್ಯ, ನಿನ್ನ ಕನ್ನಡ ಕೇಳವರು ಒಬ್ಬರರ ಅದಾರೇನು? ಎರಡು ವರ್ಷದಾಗ ಒಂದು ಕಾರ್ಡ್ ಬಂದಿಲ್ಲ. ಸರ್ಕಾರ ಯಾಕ ಖರ್ಚು ಮಾಡಬೇಕು?’ ಮಾತು ಖರೇನೇ. ಗವಾಯಿಗಳನ್ನ ಕರಸಿದ್ದೆ, ಶಾಸ್ತ್ರಿಗಳನ್ನ ಕರಸಿದ್ದೆ. ಯಾರೂ ಒಂದು ಗೆರಿ ಬರೀಲಿಲ್ಲ. ನಿನ್ನ ಹಾಡು ಹಂಗಲ್ಲ. ಚಿತ್ತಾಪುರದಾಗ, ಚಿಂಚೋಳ್ಯಾಗ, ಯಾವ ಮನ್ಯಾಗ ಬೀಸೋಕಲ್ಲಿಲ್ಲ ಹೇಳು. ಇದೊಂದು ಸುರಳೀತ ಆಯ್ತಂದ್ರ ಮುಂದಿನ ವರ್ಷಕ್ಕ ಮಂಜೂರಿ ಆಗ್ತದ. ಒಂದು ತಪ್ಪು ಆಯ್ತಂದ್ರ, ಮುಗೀತು. ಕಾಯಾಕತ್ಯಾರ ಅವರು.”

ಅವಳು ಜೋಳದ ಗಂಟಿನ ಗಂಟನ್ನೇ ನೋಡುತ್ತಿದ್ದಳು. ಹೇಳಿಬಿಡಲೇ ಎನಿಸಿತು. ಹೇಳಿದರೆ ಈತ ಏನು ಮಾಡಿಯಾರು? ಸರ್ಕಾರದ ಮನುಷ್ಯ. ಒಳ್ಳೆಯವರೇ ಇರಬಹುದು, ಒಳ್ಳೆಯವರಿಗೆ ಹೇಳಿದರೆ ಅವರ ಮುಖದ ಮೇಲೆಯೇ ಎಲ್ಲ ಕಾಣುತ್ತದೆ. ತಾಂಡೂರು ದಾಟಿದ ಮೇಲೆ ಮಡಿವಾಳಯ್ಯ ಚೀಲದಿಂದ ಶೇರವಾನಿ ತೆಗೆದು ತೊಟ್ಟರು, ಹಣೆಯ ವಿಭೂತಿಯನ್ನು ವಸ್ತ್ರದ ಅಂಚಿನಿಂದ ತುಸು ತೆಳುವಾಗಿಸಿ ಟೊಪ್ಪಿಗೆ ಇಟ್ಟುಕೊಂಡರು. ಒಂದು ಗಳಿಗೆ ಅವಳಿಗೆ ಅವರ ಗುರುತು ಹತ್ತಲಿಲ್ಲ.

ರೇಡಿಯೋದ ಕೋಣೆಯಲ್ಲಿ ಗೋಡೆಗಳಿಗೂ ಜಮಖಾನೆ ಹೊದಿಸಿದ್ದರು. ಮಾತಾಡಿದರೆ ಮಾತು ತುಟಿಯ ಹತ್ತಿರವೇ ಸಾಯುತ್ತಿತ್ತು. ಕಲ್ಲನ್ನು ನಡುವೆ ಇಟ್ಟು, ಅದರ ಮುಂದೆ ಕಬ್ಬಿಣದ ಕೋಲಿಗೆ ಸಿಕ್ಕಿಸಿದ ಮೈಕನ್ನು ಬಗ್ಗಿಸಿದರು. ಎದುರು ಗೋಡೆಯ ಗಾಜಿನಾಚೆ ದೊಡ್ಡ ಸಾಹೇಬರು, ಅವರ ಪಕ್ಕ ಕನ್ನಡ ಬಲ್ಲ ಒಬ್ಬ ಮುನ್ಶಿ. ಅವನ ಮುಂದೆ ಅವಳ ಹಾಡುಗಳನ್ನು ಬರೆದ ಕಾಗದ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಉರ್ದು. ತಮ್ಮನ ಮೇಲಿನ ಪದ ಒಂದಿತ್ತು, ಅದಕ್ಕೆ ಕೆಂಪು ಗೆರೆ ಎಳೆದಿದ್ದರು.

“ಕಾಗದದಾಗ ಇಲ್ಲದ್ದು ಒಂದು ಮಾತೂ ಬರಬಾರದು, ತಂಗೆವ್ವ,” ಎಂದರು ಮಡಿವಾಳಯ್ಯ. “ಬಂತಂದ್ರ ಮುನ್ಶಿ ಕೈ ಎತ್ತತಾನ, ಸಾಹೇಬ್ರು ಗುಂಡಿ ತಿರುವ್ತಾರ, ನಿನ್ನ ದನಿ ಅಲ್ಲೇ ಕತ್ತರಿಸಿ ಹೋಗ್ತದ. ಕೆಂಪು ದೀಪ ಹತ್ತಿದ ಮ್ಯಾಗ ನಾ ಸೈತ ಮಾತಾಡಂಗಿಲ್ಲ. ಬರೇ ಕೈಸನ್ನಿ.”

ಅವಳು ಮೊರದಲ್ಲಿ ಜೋಳ ಸುರಿದಳು. ಬಿಳಿ ಜೋಳ, ನಿನ್ನೆ ತಾನೇ ಕಲ್ಲು ಆರಿಸಿದ್ದಳು. ಎಡಗಾಲು ಚಾಚಿ, ಬಲಗಾಲು ಮಡಿಸಿ ಕುಳಿತು ಗೂಟ ಹಿಡಿದಳು.

“ಅಯ್ಯಾರ, ಕಲ್ಲಿನ ಸದ್ದೂ ಕಾಗದದಾಗ ಬರದಾರೇನ್ರಿ?”

ಅವರು ನಕ್ಕರು. “ಕಲ್ಲಿನ ಸದ್ದಿಗಿ ನಾ ಉರ್ದೂ ಎಲ್ಲಿಂದ ತರ್ಲಿ?”

ಅವಳು ನಗಲಿಲ್ಲ. ಗೂಟದ ಮೇಲೆ ಅವಳ ಕೈ ಒಮ್ಮೆ ಬಿಗಿಯಾಗಿ ಮತ್ತೆ ಸಡಿಲವಾದುದನ್ನು ಅವರು ಅಂಜಿಕೆ ಎಂದುಕೊಂಡು, “ಹೆದರಬ್ಯಾಡ. ನಿಮ್ಮ ಪಡಸಾಲಿ ಅಂತ ತಿಳಕೋ” ಎಂದರು.

ಅವಳ ತವರಿನ ಪಡಸಾಲೆಯಲ್ಲಿ ಬೀಸುಕಲ್ಲು ತಲಬಾಗಿಲಿಗೆ ಎದುರಾಗಿ ಇತ್ತು. ಅಪ್ಪ ಸಿಟ್ಟಿನ ಮನುಷ್ಯ. ಎತ್ತು ಬಿಟ್ಟು ಆಡಲು ಹೋಗಿ ಬಂದ ದಿನ ಗೊಲ್ಲಾಳಪ್ಪ ಹಿತ್ತಲಲ್ಲಿ ಅಡಗಿ ಕೂಡುತ್ತಿದ್ದ. ಅಪ್ಪ ಬಾರಕೋಲು ಹಿಡಿದು ಓಣಿಯ ತಿರುವಿನಲ್ಲಿ ಕಂಡೊಡನೆ ಶಿವಕಾಂತಮ್ಮ ಕಲ್ಲಿಗೆ ಕಾಳು ಹಾಕುವುದನ್ನು ನಿಲ್ಲಿಸಿ, ಖಾಲಿ ಕಲ್ಲನ್ನೇ ಎರಡು ಸುತ್ತು ತಿರುವುತ್ತಿದ್ದಳು. ಕಲ್ಲು ಕಲ್ಲನ್ನು ಕಚ್ಚುವ ಆ ಸದ್ದಿಗೆ ಅವನು ಗೋಡೆ ಹಾರಿ ಓಡುತ್ತಿದ್ದ. ಅವ್ವನಿಗೆ ಈ ಗುಟ್ಟು ಗೊತ್ತಿರಲಿಲ್ಲ. ಸತ್ತವರ ಮನೆಯಲ್ಲಿ ಮಾತ್ರ ಕಲ್ಲು ಖಾಲಿ ತಿರುಗುತ್ತದೆ, ತಿರುವಿದರೆ ಮನೆಗೆ ಕೇಡು ಎಂದು ನಂಬಿದ್ದ ಆಕೆ ಒಲೆಯ ಮುಂದಿನಿಂದ ಎದ್ದು ಬಂದು ಮಗಳ ಕೈಗೆ ಹೊಡೆಯುತ್ತಿದ್ದಳು. ಆ ಸೀಮೆಯಲ್ಲಿ ಯಾವ ತಾಯಿಯಾದರೂ ಹೊಡೆಯುತ್ತಿದ್ದಳು.

ಕೆಂಪು ದೀಪ ಹತ್ತಿತು.

*ಕೆಳಗಲ್ಲು ಭೂಮಿ ಮ್ಯಾಗಲ್ಲು ಮುಗಿಲವ್ವ*
*ನಡುವ ಬಿದ್ದಂಥ ಬಿಳಿಜ್ವಾಳ | ನನ ತಾಯಿ*
*ನುಗ್ಗಾಗಿ ಊರ ತಣಿಸ್ಯಾವ*

ದನಿ ಮೊದಲು ನಡುಗಿತು, ಕಲ್ಲಿನ ಭಾರ ಸಿಕ್ಕ ಮೇಲೆ ನೆಟ್ಟಗಾಯಿತು. ಗಾಜಿನಾಚೆ ಮುನ್ಶಿಯ ಬೆರಳು ಗೆರೆಯಿಂದ ಗೆರೆಗೆ ಇಳಿಯುತ್ತಿತ್ತು. ಮಡಿವಾಳಯ್ಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು.

ಸುಲೇಪೇಟೆಯ ಚಾವಡಿಯನ್ನು ಅವಳು ಕಂಡಿದ್ದಳು. ಕಟ್ಟೆಯ ಮೇಲೆ ಗಂಡಸರು, ಕೆಳಗೆ ಬಾವಿಯ ಬದಿಗೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸರು. ಅವನು ಮುಂಚೆಯೇ ಬಂದು ಕೂಡುವವನಲ್ಲ. ಹಾಡು ಆರಂಭವಾದ ಮೇಲೆ ಕಂಬಳಿ ಹೊದ್ದು ಬಂದು ಹಿಂದೆ ನಿಲ್ಲುತ್ತಾನೆ. ತುಸು ತಡೆಯಬೇಕು. ತಡೆದರೆ ಅಷ್ಟರಲ್ಲಿ ಹಿಡಿದರೆ? ಎರಡನೆಯ ಪದ ಮುಗಿಯಿತು. ಮೂರನೆಯದರ ನಡುವೆ ಅವಳ ಎಡಗೈ ಅಭ್ಯಾಸಬಲದಿಂದ ಮೊರದ ಕಡೆ ಹೋಯಿತು. ಕಾಳು ಹಿಡಿದ ಕೈಯನ್ನು ಅವಳು ಹಾಗೆಯೇ ಬಿಚ್ಚಿದಳು. ಕಾಳು ಮತ್ತೆ ಮೊರಕ್ಕೆ ಬಿತ್ತು.

ಕಲ್ಲಿನೊಳಗಿದ್ದ ಕೊನೆಯ ಕಾಳು ಸರಿದು ಹೋದಂತೆ ದಪ್ಪ ಸದ್ದು ತೆಳುವಾಗುತ್ತ ಬಂತು. ಆಮೇಲೆ ಕಲ್ಲು ಕಲ್ಲನ್ನು ಕಚ್ಚಿತು.

ಮಡಿವಾಳಯ್ಯ ಕಣ್ಣು ತೆರೆದರು.

ಒಂದು ಸುತ್ತು. ಎರಡು ಸುತ್ತು. ಹಿಂದೆ ಎರಡು ಸಾಕಾಗುತ್ತಿತ್ತು. ಆಗ ಅವನು ಹಿತ್ತಲಲ್ಲೇ ಇರುತ್ತಿದ್ದ. ಇವತ್ತು ಬಂದಿದ್ದಾನೋ, ಇನ್ನೂ ಕಾಲುದಾರಿಯಲ್ಲೇ ಇದ್ದಾನೋ. ಅವಳು ತಿರುವುತ್ತಲೇ ಹೋದಳು. ಬಾಯಲ್ಲಿ ಕಾಗದದ ಪದವೇ ಇತ್ತು, ಒಂದಕ್ಷರ ಆಚೀಚೆ ಆಗದಂತೆ.

ಮಡಿವಾಳಯ್ಯ ತುದಿಗಾಲಲ್ಲಿ ಬಂದು ಎದುರು ಕುಳಿತರು. ಮೊರದತ್ತ ಬೆರಳು ಮಾಡಿದರು. ಅವಳು ನೋಡದವಳಂತಿದ್ದಳು. ಮೈಲಿಗೆಯೋ ಮಡಿಯೋ ಎಂದು ಯೋಚಿಸದೆ ಅವರೇ ಒಂದು ಹಿಡಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕಲು ಕೈ ಚಾಚಿದರು. ಅವಳು ಎಡ ಅಂಗೈಯನ್ನು ಕಲ್ಲಿನ ಬಾಯಿಯ ಮೇಲೆ ಮುಚ್ಚಿದಳು. ಕಲ್ಲಿನೊಡನೆ ಅಂಗೈಯೂ ಸುತ್ತುತ್ತಿತ್ತು, ಮೈಯೆಲ್ಲ ಅದರ ಹಿಂದೆ ತೂಗುತ್ತಿತ್ತು. ಈಗ ಅವಳು ಅವರನ್ನು ನೇರ ನೋಡಿದಳು. ಹಾಡು ನಿಲ್ಲಲಿಲ್ಲ.

ದಂಡೋತಿಯಲ್ಲಿ ಅವರಿಗೂ ತಾಯಿ ಇದ್ದಳು. ಖಾಲಿ ಕಲ್ಲು ತಿರುವಿದರೆ ಏನೆಂದು ಅವರಿಗೂ ಗೊತ್ತು. ಈ ಹೆಣ್ಣುಮಗಳ ತಮ್ಮ ಎಲ್ಲಿದ್ದಾನೆಂಬುದೂ, ಎಂಟೇ ದಿನಕ್ಕೆ ಬಂದ ಕಾಗದವೂ, ಸುಲೇಪೇಟೆಯಲ್ಲಿ ಹೊಡೆಸಿದ ಡಂಗುರವೂ ಗೊತ್ತಿತ್ತು. ಅವುಗಳನ್ನು ಒಂದರ ಪಕ್ಕ ಒಂದು ಇಟ್ಟು ಅವರು ನೋಡಿರಲಿಲ್ಲ. ಈಗ ನೋಡುತ್ತಿದ್ದರೇನೋ, ಮುಖದ ಬಣ್ಣ ಇಳಿಯಿತು.

ಗಾಜಿನ ಮೇಲೆ ಟಕಟಕ ಎಂದಿತು. ದೊಡ್ಡ ಸಾಹೇಬರು ಹುಬ್ಬು ಏರಿಸಿ, ಬೆರಳನ್ನು ಕಿವಿಯ ಹತ್ತಿರ ಸುತ್ತಿಸಿ ಏನಿದು ಎಂದು ಕೇಳಿದರು. ಮುನ್ಶಿ ನಗರದಲ್ಲೇ ಹುಟ್ಟಿ ಬೆಳೆದವನು. ಮಾತು ಸರಿಯಾಗಿದೆ ಎಂದು ಕಾಗದ ತೋರಿಸುತ್ತಿದ್ದ. ಸಾಹೇಬರ ಇನ್ನೊಂದು ಕೈ ಗುಂಡಿಯ ಮೇಲಿತ್ತು.

ಮಡಿವಾಳಯ್ಯ ಎದ್ದು ಗಾಜಿನತ್ತ ತಿರುಗಿದರು. ಹಿಡಿಯಲ್ಲಿ ಜೋಳ ಹಾಗೆಯೇ ಇತ್ತು. ಬಳಿಕ ತಲೆ ತೂಗಿ, ಕೈಯನ್ನು ಎದೆಗೆ ಇಟ್ಟು, ಇದು ಹೀಗೆಯೇ ಇರುವುದು ಎಂದು ಸನ್ನೆ ಮಾಡಿದರು.

ಸಾಹೇಬರು ಗುಂಡಿಯಿಂದ ಕೈ ತೆಗೆದರು.

ದೀಪ ಆರುವತನಕ ಶಿವಕಾಂತಮ್ಮ ಖಾಲಿ ಕಲ್ಲು ತಿರುವಿದಳು. ಮಡಿವಾಳಯ್ಯ ಜೋಳದ ಹಿಡಿಯನ್ನು ಬಿಡುವುದನ್ನೂ ಮರೆತು ಗೋಡೆಗೆ ಒರಗಿ ನಿಂತಿದ್ದರು. ಅವಳು ಎದ್ದು ನೋಡಿದರೆ, ಮೊದಲು ಬಿದ್ದ ಬಿಳಿ ಹಿಟ್ಟಿನ ಮೇಲೆ ಕಲ್ಲಿನ ಬೂದುಬಣ್ಣದ ಪುಡಿ ಒಂದು ಪದರ ಕುಳಿತಿತ್ತು.

ಮರುದಿನ ಬೆಳಿಗ್ಗೆ ಮಡಿವಾಳಯ್ಯ ಅವಳನ್ನೂ ಕಲ್ಲನ್ನೂ ಗಾಡಿಗೆ ಹತ್ತಿಸಿ, “ಹುಷಾರ್” ಎಂದಷ್ಟೇ ಹೇಳಿದರು.

ಸೇಡಂನಲ್ಲಿ ಕಲ್ಲನ್ನು ಕೂಲಿಗಳಿಗೆ ಒಪ್ಪಿಸಿ ಅವಳು ಬಿರಬಿರನೆ ಮನೆಗೆ ನಡೆದಳು. ಮನೆಯ ಕಟ್ಟೆಯ ಮೇಲೆ ಸಾಯಬಣ್ಣ ಕುಳಿತಿದ್ದ, ಬಿಟ್ಟುಕಳಿಸಿದ್ದರು. ಅವನು ಹೇಳುವ ಮೊದಲೇ ಗೋಡೆಯ ಆಚೆಯಿಂದ ಜಾನಬಿ, ಕೋಳಿಗೆ ನುಚ್ಚು ಹಾಕುತ್ತ, ಕೋಳಿಗೇ ಹೇಳುವಂತೆ ಮಾತಾಡಿದಳು.

“ನಮ್ಮವರು ಬರೇ ಕೈಯಾಗ ಬಂದಾರ. ಆ ಸದ್ದು ಬಂದದ್ದೇ ತಡ, ಸುಲೇಪೇಟ ಹೆಣ್ಮಕ್ಕಳು ಹೌಹಾರಿ ಎದ್ದಾರಂತ. ಯಾರ ಮನಿ ಹಾಳಾಯ್ತೋ, ಯಾರ ಸುದ್ದಿ ಬಂತೋ ಅಂತ ಕೂಸುಗಳನ್ನ ಬಗಲಾಗ ಹಾಕ್ಕೊಂಡು ಮನೀಕಡಿ ಓಡ್ಯಾರ. ಹಿಂದಿಂದ ಗಂಡಸರು. ಎರಡು ನೂರು ಮಂದ್ಯಾಗ ಕಂಬಳಿ ಹೊತ್ತವರನ್ನ ಎಷ್ಟಂತ ಹಿಡೀತಾರ? ಮಷೀನ ಕೆಟ್ಟದ ಅಂತ ಅಮೀನ ಸಾಹೇಬ್ರು ರೇಡಿಯೋದವನಿಗಿ ಬೈದಾರ.”

“ಯಾರೂ ಸಿಕ್ಕಿಲ್ಲ?” ಎಂದಳು ಶಿವಕಾಂತಮ್ಮ.

“ನುಚ್ಚು ತಿನ್ನು ಸುಮ್ಮ,” ಎಂದು ಜಾನಬಿ ಕೋಳಿಗೆ ಗದರಿದಳು. “ಸಿಕ್ಕಿಲ್ಲ ಅಂದ್ನಲ್ಲ.”

ತಿಂಗಳು ಕಳೆದು, ಮೊದಲ ಮಳೆ ಬಿದ್ದ ವಾರ, ಬೆಳಗಿನ ಹೊತ್ತಿನಲ್ಲಿ ಮಡಿವಾಳಯ್ಯ ಬಾಗಿಲಿಗೆ ಬಂದರು. ಶೇರವಾನಿ ಇರಲಿಲ್ಲ. ಹಣೆಯ ಮೇಲೆ ಮೂರು ಗೆರೆ ವಿಭೂತಿ ದಪ್ಪಗಿತ್ತು. ಭೀಮಮ್ಮ ಕಂಬಳಿ ಹಾಸಿ, “ಕುಂದ್ರಿ ಅಯ್ಯಾರ, ಮತ್ತ ನಮ್ಮ ಸೊಸೀನ್ನ ಒಯ್ಯಾಕ ಬಂದ್ರೇನು?” ಎಂದಳು.

“ಇಲ್ರಿ. ದಂಡೋತಿಗಿ ಹೊಂಟೀನಿ. ಹೊಲ ಅದ, ಮಠ ಅದ.” ಅವರು ಚೀಲದಿಂದ ದಾರ ಕಟ್ಟಿದ ಕಾರ್ಡುಗಳ ಕಟ್ಟೊಂದನ್ನು ತೆಗೆದರು. “ನಲವತ್ತೊಂದು. ಚಿತ್ತಾಪುರದಿಂದ, ಶಹಾಬಾದದಿಂದ, ವಾಡಿಯಿಂದ, ಚಿಂಚೋಳಿಯಿಂದ. ಓದು ಬಲ್ಲವರ ಕೈಲೆ ಬರಸ್ಯಾರ. ‘ಸರ್ಕಾರಿ ರೇಡಿಯೋದಾಗ ಖಾಲಿ ಕಲ್ಲು ತಿರುವಿ ನಮ್ಮ ಮನಿಗಿ ಕೇಡು ಬಗೀತೀರೇನು’ ಅಂತ.” ಅವರು ನಕ್ಕರು, ನಗು ಬೇಗ ನಿಲ್ಲಲಿಲ್ಲ. “ಎರಡು ವರ್ಷ ಕೇಳವರೇ ಇಲ್ಲ ಅಂದಿದ್ರಲ್ಲ ಸಾಹೇಬ್ರು. ಅವರ ಮೇಜಿನ ಮ್ಯಾಗ ಇಟ್ಟೆ. ಕೇಳವರು ಅದಾರ ನೋಡ್ರಿ ಅಂದೆ.”

“ಏನಂದ್ರು?”

“ನಿಮ್ಮವರಿಗೇ ಬ್ಯಾಡಾದದ್ದಕ್ಕ ಸರ್ಕಾರ ಯಾಕ ಖರ್ಚು ಮಾಡಬೇಕು ಅಂದ್ರು. ಗುರುವಾರ ಆರೂಕಾಲಕ್ಕ ಈಗ ಬ್ಯಾಂಡ್ ಬಾರಸ್ತಾರ.”

ಶಿವಕಾಂತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಅಯ್ಯಾರ, ನಾ...” ಎಂದಳು.

“ನೀ ಕಾಗದದಾಗ ಇದ್ದದ್ದೇ ಹಾಡಿದಿ, ತಂಗೆವ್ವ. ಒಂದಕ್ಷರ ತಪ್ಪಿಲ್ಲ.” ಅವರು ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದರು. ಮೂಲೆಯಲ್ಲಿ ಗಂಟು ಇತ್ತು. “ಇದು ಆವತ್ತು ನನ್ನ ಕೈಯಾಗ ಉಳದಿತ್ತು. ನಿಮ್ಮ ಮನೀದು.”

ಅವಳು ಗಂಟು ಬಿಚ್ಚಿದಳು. ಒಂದು ಹಿಡಿ ಬಿಳಿ ಜೋಳ. ಒಳಗೆ ಹೋಗಿ, ಕಲ್ಲಿನ ಮುಂದೆ ಕಾಲು ಚಾಚಿ ಕುಳಿತಳು. ಆ ಹಿಡಿಯನ್ನು ಮೊದಲು ಹಾಕಿ, ಅದರ ಮೇಲೆ ಮನೆಯ ಜೋಳ ಸುರಿದಳು. ಹೊರಗೆ ಮಡಿವಾಳಯ್ಯ ಎದ್ದವರು ಮತ್ತೆ ಕುಳಿತರು. ಗೋಡೆಯಾಚೆ ಜಾನಬಿಯ ಒರಳಿನ ಸದ್ದು ನಿಂತಿತು.

*ಕಾಗಿಣಿ ದಾಟಿ ಬರತಾನ ನನ ತಮ್ಮ*
*ಮೊಣಕಾಲ ಮೀರಿ ಹರಿಬ್ಯಾಡ | ಹೊಳಿಗಂಗಿ*

ಮೂರನೆಯ ಸಾಲಿನಲ್ಲಿ ತಮ್ಮನ ಹೆಸರು ಬರಬೇಕು. ಅಲ್ಲಿಗೆ ಬಂದು ಅವಳು ಬಾಯಿ ಮುಚ್ಚಿದಳು. ಹೆಸರಿನಷ್ಟು ಹೊತ್ತು ಕಲ್ಲು ಮಾತ್ರ ತಿರುಗಿತು, ಕಾಳು ತುಂಬಿದ ದಪ್ಪ ಸದ್ದಿನಲ್ಲಿ. ಸುತ್ತಲೂ ಹಿಟ್ಟು ಬೀಳತೊಡಗಿತು.